ಎಐಎಫ್‌ಎಫ್ ಅಂದ್ರ ಯಾರು, ಐಎಸ್‌ಎಲ್ ಯಾಕ ನಿಂತಿತ್ತು, ಬಳ್ಳಾರಿ ಹುಡುಗ್ರಿಗೂ ಅದಕ್ಕೂ ಏನು ಸಂಬಂಧ

2025ರ ಆಗಸ್ಟ್‌ನಾಗ ಬೆಂಗಳೂರು ಎಫ್‌ಸಿ ಕ್ಲಬ್ಬಿನವರು ಒಂದು ಪ್ರಕಟಣೆ ಕೊಟ್ರು, ಮೇನ್ ಟೀಮಿನ ಆಟಗಾರರದು ಮತ್ತ ಸ್ಟಾಫಿಂದು ಸಂಬಳ ಸದ್ಯಕ್ಕ ನಿಲ್ಲಿಸ್ತೀವಿ, ಯಾಕಂದ್ರ ಈ ಸಲ ಐಎಸ್‌ಎಲ್, ಅಂದ್ರ ದೇಶದ ಎಲ್ಲಾಕಿಂತ ದೊಡ್ಡ ಫುಟ್‌ಬಾಲ್ ಲೀಗು, ನಡಿತೈತೋ ಇಲ್ಲೋ ಅನ್ನೋದ ಖಾತ್ರಿ ಇಲ್ಲ ಅಂತ. ಬ್ಯಾರೆ ಕಡೆ ಅದು ಒಂದಿನದ ಸುದ್ದಿ ಆಗಿ ಹೋತು. ಬಳ್ಳಾರಿ ಕಡೆ ಹಂಗ ಆಗ್ಲಿಲ್ಲ, ಯಾಕಂದ್ರ ಆ ಕ್ಲಬ್ಬಿನ ಹುಡುಗ್ರು ಉಳಕೊಂಡು ಕಲಿಯೋ ಅಕಾಡೆಮಿ ಇರೋದ ನಮ್ಮ ತೋರಣಗಲ್ಲಿನ ಹತ್ರ, ಜಿಂದಾಲ್‌ನವರ ವಿಜಯನಗರ ಟೌನ್‌ಶಿಪ್ಪಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಾಗ. ಯೂತ್ ಟೀಮುಗಳಿಗೆ ಏನೂ ತೊಂದ್ರಿ ಇಲ್ಲ ಅಂತ ಅದೇ ಪ್ರಕಟಣೆಯಾಗ ಬರದಿದ್ರು, ಆದ್ರ ಅದನ್ನ ಎಷ್ಟು ಮಂದಿ ಓದ್ತಾರ. ಅವತ್ತಿಂದ ಮಕ್ಕಳನ್ನ ಫುಟ್‌ಬಾಲಿಗೆ ಹಾಕಿದ ತಂದಿತಾಯಿ ಕೇಳೋದು ಒಂದ, ಲೀಗ್ ನಿಲ್ಲಿಸಿದ್ದು ಯಾರು, ಈ ಫೆಡರೇಷನ್ ಅಂದ್ರ ಯಾರು, ಸರಕಾರ ಯಾಕ ಸುಮ್ನ ಕುಂತೈತಿ, ನಮ್ಮ ಹುಡುಗನ ಗತಿ ಏನು. ಎಲ್ಲಾ ಬಿಡಿಸಿ ಬರೆಯೋಣ ಅಂತ ಕುಂತೀನಿ, ಸ್ವಲ್ಪ ಉದ್ದ ಆಗತೈತಿ, ಸಮಾಧಾನದಿಂದ ಓದ್ರಿ.

ಫೆಡರೇಷನ್ ಅಂದ್ರ ಸರಕಾರಿ ಇಲಾಖೆ ಏನು?

ಅಲ್ಲ. ಎಐಎಫ್‌ಎಫ್ ಅಂದ್ರ ಆಲ್ ಇಂಡಿಯಾ ಫುಟ್‌ಬಾಲ್ ಫೆಡರೇಷನ್, 1937ರಾಗ ಶಿಮ್ಲಾದಾಗ ಹುಟ್ಟಿದ ಒಂದು ಸಂಘ. ಈಗ ಅದರ ಆಫೀಸು ದೆಹಲಿಯ ದ್ವಾರಕಾದಾಗ ಐತಿ, ಫುಟ್‌ಬಾಲ್ ಹೌಸ್ ಅಂತಾರ. ಒಂದೊಂದು ರಾಜ್ಯದ ಫುಟ್‌ಬಾಲ್ ಸಂಸ್ಥೆ ಇದರ ಸದಸ್ಯ, ಅವರು ಓಟು ಹಾಕಿ ಅಧ್ಯಕ್ಷರನ್ನ ಆರಿಸ್ತಾರ. ಸರಕಾರ ಇದಕ್ಕ ಮಾನ್ಯತೆ ಕೊಡತೈತಿ, ಒಂದಿಷ್ಟು ಅನುದಾನನೂ ಕೊಡತೈತಿ, ಆದ್ರ ಅಧ್ಯಕ್ಷರನ್ನ ಸರಕಾರ ನೇಮಿಸಂಗಿಲ್ಲ.

ಹಂಗಾದ್ರ ಇವರ ಕೈಯಾಗ ಏನೈತಿ ಅಂದ್ರ, ಮಾನ್ಯತೆ. ಯಾವ ಲೀಗ್ ಅಧಿಕೃತ, ಯಾವ ಕ್ಲಬ್ ಯಾವ ಡಿವಿಷನ್ನು, ಯಾರು ರೆಫ್ರಿ, ಯಾರು ಕೋಚ್, ಯಾವ ಆಟಗಾರ ಯಾವ ಕ್ಲಬ್ಬಿನವನು, ಇಂಡಿಯಾ ಜೆರ್ಸಿ ಯಾರ ಮೈಮ್ಯಾಲ, ಇದೆಲ್ಲಾ ತೀರ್ಮಾನ ಮಾಡೋ ಹಕ್ಕು ದೇಶದಾಗ ಇವರೊಬ್ಬರಿಗೆ. ಈ ಹಕ್ಕು ಕೊಟ್ಟೋರು ಇಡೀ ಜಗತ್ತಿನ ಫುಟ್‌ಬಾಲ್ ನೋಡ್ಕೊಳ್ಳೋ ಸಂಸ್ಥೆ ಫಿಫಾ. ಒಂದು ದೇಶಕ್ಕ ಒಂದ ಸಂಸ್ಥೆ ಅನ್ನೋದು ಫಿಫಾದ ನಿಯಮ. ಎಐಎಫ್‌ಎಫ್ 1948ರಾಗ ಫಿಫಾ ಸೇರ್ತು, 1954ರಾಗ ಏಷ್ಯಾದ ಫುಟ್‌ಬಾಲ್ ಸಂಸ್ಥೆ ಎಎಫ್‌ಸಿ ಹುಟ್ಟಿದಾಗ ಅಲ್ಲಿ ಸ್ಥಾಪಕ ಸದಸ್ಯ.

ಕೆಳಗ ಇಳಿದು ಬಂದ್ರ ಕರ್ನಾಟಕಕ್ಕ ಕೆಎಸ್‌ಎಫ್‌ಎ, ಕರ್ನಾಟಕ ಸ್ಟೇಟ್ ಫುಟ್‌ಬಾಲ್ ಅಸೋಸಿಯೇಷನ್. ಅದರ ಅಧ್ಯಕ್ಷರು ಬೆಂಗಳೂರು ಶಾಂತಿನಗರದ ಶಾಸಕ ಎನ್.ಎ. ಹ್ಯಾರಿಸ್, 2022ರ ಚುನಾವಣೆಯಾಗ ಅವರು ಎಐಎಫ್‌ಎಫ್ ಉಪಾಧ್ಯಕ್ಷರೂ ಆದ್ರು. ರಾಜ್ಯ ಸಂಸ್ಥೆ ಕೆಳಗ ಜಿಲ್ಲಾ ಸಂಸ್ಥೆ, ಅದರ ಕೆಳಗ ಊರೂರಿನ ಕ್ಲಬ್ಬು. ಕೌಲ್‌ಬಜಾರಿನ ಹುಡುಗ ಇಂಡಿಯಾ ಟೀಮಿಗೆ ಹೋಗಬೇಕಂದ್ರ ಈ ಸಾಲಿನಾಗ ಎಲ್ಲೋ ಒಂದು ಕಡೆ ಅವನ ಹೆಸರು ರಿಜಿಸ್ಟರ್ ಆಗಿರಬೇಕು. ಇದನ್ನ ನೆನಪಿಟ್ಕೊಳ್ರಿ, ಕೊನಿಗೆ ಕೆಲಸಕ್ಕ ಬರತೈತಿ.

ಇಂಡಿಯಾ ಟೀಮು ಅಂದ್ರ ಒಂದ ಟೀಮಲ್ಲ

ಟಿವಿಯಾಗ ಕಾಣೋದು ಗಂಡಸರ ಸೀನಿಯರ್ ಟೀಮು, ಬ್ಲೂ ಟೈಗರ್ಸ್. ಹೆಂಗಸರದು ಬ್ಲೂ ಟೈಗ್ರೆಸ್. ಇದರ ಜೊತಿಗೆ 23, 20, 17 ವರ್ಷದೊಳಗಿನ ಟೀಮು, ಹುಡುಗೀರದೂ ಹಂಗ. ಇವೆಲ್ಲಾ ನಡೆಸೋದು, ಕೋಚ್ ನೇಮಿಸೋದು, ಕ್ಯಾಂಪ್ ಹಾಕೋದು ಎಐಎಫ್‌ಎಫ್ ಕೆಲಸ. ಆಟಗಾರರಿಗೆ ಸಂಬಳ ಕೊಡೋದು ಮಾತ್ರ ಕ್ಲಬ್ಬು, ಫಿಫಾ ಗೊತ್ತು ಮಾಡಿದ ದಿನಗಳಾಗ ಕ್ಲಬ್ಬು ಅವರನ್ನ ದೇಶಕ್ಕ ಬಿಟ್ಟು ಕೊಡಬೇಕು. 2022ರ ಏಪ್ರಿಲ್‌ನಾಗ ಏಷ್ಯನ್ ಕಪ್ ಕ್ವಾಲಿಫೈಯರ್ ಮುಂದ ಇಟ್ಕೊಂಡು ಅವಾಗಿನ ಕೋಚ್ ಇಗೋರ್ ಸ್ಟಿಮಾಚ್ ಇಂಡಿಯಾ ಕ್ಯಾಂಪ್ ಹಾಕಿದ್ದು ನಮ್ಮ ಬಳ್ಳಾರಿ ಜಿಲ್ಲೆಯಾಗ, ಅದೂ ಆ ಬಿಸಿಲಿನಾಗ. ಆಮ್ಯಾಲ ಜೂನ್‌ನಾಗ ಆ ಟೀಮು ಏಷ್ಯನ್ ಕಪ್ಪಿಗೆ ಕ್ವಾಲಿಫೈ ಆತು. ನಮ್ಮ ಕಡೆ ಎಷ್ಟೋ ಮಂದಿಗೆ ಇದು ಗೊತ್ತ ಇಲ್ಲ.

ಹಳೇ ಕಾಲದಾಗ ನಾವು ಏಷ್ಯಾದಾಗ ದೊಡ್ಡ ಟೀಮು. 1948ರ ಲಂಡನ್ ಒಲಿಂಪಿಕ್ಸ್‌ನಾಗ ಫ್ರಾನ್ಸ್ ವಿರುದ್ಧ 2–1ಕ್ಕ ಸೋತ್ವಿ, ಬಹಳಷ್ಟು ಮಂದಿ ಬರಿಗಾಲಾಗ ಆಡಿದ್ರು, ಆ ಒಂದು ಗೋಲ್ ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. 1951 ಮತ್ತ 1962ರ ಏಷ್ಯನ್ ಗೇಮ್ಸ್‌ನಾಗ ಚಿನ್ನ, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಾಗ ನಾಲ್ಕನೇ ಸ್ಥಾನ, ಮೂರಕ್ಕೂ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರು. ಈಗಿನ ಕಥಿ ಬ್ಯಾರೆ. ಫಿಫಾ ರ‍್ಯಾಂಕಿಂಗ್‌ನಾಗ ನಮ್ಮ ಅತಿ ಒಳ್ಳೇ ಜಾಗ 1996ರಾಗ 94, 2025ರ ನವೆಂಬರ್ ಹೊತ್ತಿಗೆ 142. ಗೋವಾದಾಗ ಸಿಂಗಾಪುರಕ್ಕ ಸೋತು 2027ರ ಏಷ್ಯನ್ ಕಪ್ ಕೈ ತಪ್ಪಿತು, ಆಮ್ಯಾಲ ಢಾಕಾದಾಗ ಬಾಂಗ್ಲಾಕ್ಕೂ ಸೋತ್ವಿ. ಸುನಿಲ್ ಛೆಟ್ರಿ 2024ರ ಜೂನ್‌ನಾಗ ನಿವೃತ್ತಿ ಹೇಳಿದವರನ್ನ 2025ರಾಗ ವಾಪಸ್ ಕರೀಬೇಕಾತು, ಅವರ ಜಾಗಕ್ಕ ಗೋಲ್ ಹೊಡಿಯೋ ಒಬ್ಬ ಹುಡುಗ ಸಿಗಲಿಲ್ಲ ಅಂದ್ರ ಕೆಳಗಿನ ಹಂತದಾಗ ಏನೋ ಕಮ್ಮಿ ಆಗೈತಿ ಅಂತ ನನಗ ಅನಿಸತೈತಿ.

ಹೆಣ್ಣುಮಕ್ಕಳು ಮಾತ್ರ ಅದೇ ಹೊತ್ತಿನಾಗ ಬ್ಯಾರೆ ದಾರಿ ಹಿಡಿದಾರ. 2025ರ ಜುಲೈನಾಗ ಥಾಯ್ಲೆಂಡ್‌ನ್ನ ಅವರ ನೆಲದಾಗ 2–1ಕ್ಕ ಸೋಲಿಸಿ 2026ರ ಏಷ್ಯನ್ ಕಪ್ಪಿಗೆ ಹೋದ್ರು, ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಕ್ವಾಲಿಫೈಯರ್ ಆಡಿ ಗೆದ್ದು ಹೋಗಿದ್ದು ಇದ ಮೊದಲನೇ ಸಲ. 20 ವರ್ಷದೊಳಗಿನ ಹುಡುಗೀರೂ ತಮ್ಮ ಏಷ್ಯನ್ ಕಪ್ಪಿಗೆ ಕ್ವಾಲಿಫೈ ಆದ್ರು.

ಇಂಡಿಯಾಕ್ಕ ಆಡಬೇಕಂದ್ರ ಇಂಡಿಯಾ ಪಾಸ್‌ಪೋರ್ಟ್ ಬೇಕ ಬೇಕು, ಹೊರದೇಶದಾಗ ಹುಟ್ಟಿದ ಭಾರತ ಮೂಲದವರಿಗೂ ಅದ ನಿಯಮ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಇಲ್ಲಿಯದು ತಗೊಂಡಿದ್ದು ಅದಕ್ಕ.

ಟೂರ್ನಿ ಎಷ್ಟು, ಯಾವುದು ಯಾರದು

ಇಲ್ಲೇ ಮಂದಿಗೆ ಗೊಂದಲ ಜಾಸ್ತಿ, ಯಾಕಂದ್ರ ಹೆಸರು ಬದಲಾಗ್ತಾನ ಇರ್ತಾವ. ಕ್ಲಬ್ಬುಗಳ ಲೀಗಿನಾಗ ಎಲ್ಲಾಕಿಂತ ಮ್ಯಾಲ ಇಂಡಿಯನ್ ಸೂಪರ್ ಲೀಗ್, ಐಎಸ್‌ಎಲ್, 2014ರಾಗ ಶುರು ಆತು. ಅದರ ಕೆಳಗ ಐ-ಲೀಗ್, ಈಗ ಅದರ ಹೆಸರು ಇಂಡಿಯನ್ ಫುಟ್‌ಬಾಲ್ ಲೀಗ್. ಅದರ ಕೆಳಗ ಎರಡನೇ, ಮೂರನೇ ಡಿವಿಷನ್ನು, ಅದರ ಕೆಳಗ ರಾಜ್ಯದ ಲೀಗು, ನಮಗ ಬೆಂಗಳೂರಿನ ಸೂಪರ್ ಡಿವಿಷನ್. ಕೆಳಗಿನ ಲೀಗ್ ಗೆದ್ದೋರು ಮ್ಯಾಲ ಹೋಗ್ತಾರ, ಸೋತೋರು ಕೆಳಗ ಇಳೀತಾರ, ಐಎಸ್‌ಎಲ್‌ನಾಗ ಮಾತ್ರ 2024–25ರ ತನಕ ಕೆಳಗ ಇಳಿಸೋದು ಇರ್ಲಿಲ್ಲ. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2024ರಾಗ ಐ-ಲೀಗ್ 2 ಗೆದ್ದು ಮ್ಯಾಲ ಹೋತು, ಮುಂದಿನ ವರ್ಷಾನ ಕೆಳಗ ಬಂತು. ಐ-ಲೀಗ್ ಗೆದ್ದ ಪಂಜಾಬ್, ಮೊಹಮೆಡನ್, ಇಂಟರ್ ಕಾಶಿ ಐಎಸ್‌ಎಲ್‌ಗೆ ಏರಿದಾವ.

ಹೆಂಗಸರಿಗೆ ಇಂಡಿಯನ್ ವಿಮೆನ್ಸ್ ಲೀಗ್ ಐತಿ, 2017ರಿಂದ ನಡದೈತಿ, ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಒಂದು ಸಲ ಫೈನಲ್ ಮುಟ್ಟಿತ್ತು. ಸೂಪರ್ ಕಪ್ ಅನ್ನೋದು ಲೀಗ್ ಅಲ್ಲ, ಸೆಮಿಫೈನಲ್, ಫೈನಲ್ ಇರೋ ಕಪ್ ಟೂರ್ನಿ. ಡುರಾಂಡ್ ಕಪ್ 1888ರಿಂದ ಇರೋದು, ಅದನ್ನ ನಡೆಸೋರು ಸೇನೆಯವರು, ಫೆಡರೇಷನ್ ಅಲ್ಲ. ಶಾಲೆಗಳ ಸುಬ್ರತೋ ಕಪ್ ವಾಯುಪಡೆ ಕಡೆದು.

ಕ್ಲಬ್ಬು ಬಿಟ್ಟು ರಾಜ್ಯ ರಾಜ್ಯದ ನಡುವ ಆಡೋದು ಸಂತೋಷ್ ಟ್ರೋಫಿ, 1941ರಿಂದ ಐತಿ. ರೈಲ್ವೇಸ್, ಸರ್ವಿಸಸ್ ಟೀಮೂ ಅದರಾಗ ಆಡ್ತಾವ. ನೌಕರಿ ಆಸೆ ಇಟ್ಕೊಂಡು ಆಡೋ ನಮ್ಮ ಕಡೆ ಹುಡುಗ್ರಿಗೆ ಐಎಸ್‌ಎಲ್‌ಕಿಂತ ಇದ ಹತ್ರ. ಮೈಸೂರು ಅಂತ ಇದ್ದಾಗ ನಾಲ್ಕು ಸಲ ಗೆದ್ದಿದ್ವಿ, ಕೊನೇದು 1968–69ರಾಗ. ಆಮ್ಯಾಲ ಏನೂ ಇಲ್ಲ. ಕರ್ನಾಟಕ ಅನ್ನೋ ಹೆಸರಿನಾಗ ಒಂದೂ ಇರ್ಲಿಲ್ಲ. 2023ರ ಮಾರ್ಚ್ 4ಕ್ಕ ಫೈನಲ್ ಇಟ್ಟಿದ್ದು ಸೌದಿಯ ರಿಯಾದ್‌ನಾಗ, ಎದುರಿಗೆ ಮೇಘಾಲಯ. ನಮ್ಮೋರು ಶುರುವಿಗೇ ಗೋಲ್ ಹೊಡೆದ್ರು, ಮೇಘಾಲಯ ಪೆನಾಲ್ಟಿಯಾಗ ಸಮ ಮಾಡ್ತು, ಬೇಕಿ ಒರಾಮ್ ಮತ್ತೊಂದು ಹಾಕಿದ, ಹಾಫ್‌ಟೈಮಿಗೆ ಮುಂಚೆ ರಾಬಿನ್ ಯಾದವ್ ಫ್ರೀಕಿಕ್ಕಿನಾಗ ಮೂರನೇದು. ಸೆಕೆಂಡ್ ಹಾಫ್‌ನಾಗ ಮೇಘಾಲಯ ಒಂದು ವಾಪಸ್ ಹೊಡೀತು, ಆಮ್ಯಾಲ ಕೊನೀತನಕ ನಮ್ಮ ಡಿಫೆನ್ಸು ತಡಕೊಂಡು ನಿಂತಿತು, 3–2. ಕೋಚ್ ರವಿ ಬಾಬು ರಾಜು. 54 ವರ್ಷದ ಮ್ಯಾಲ ಕಪ್ ಬಂತು, ಆದ್ರ ನಮ್ಮ ಊರುಗಳಾಗ ಒಂದು ಮೆರವಣಿಗಿ ಸೈತ ಆಗ್ಲಿಲ್ಲ, ನನಗ ಇವತ್ತಿಗೂ ಅದು ಮನಸ್ಸಿನಾಗ ಐತಿ.

ಹಂಗಾದ್ರ ಐಎಸ್‌ಎಲ್ ಯಾಕ ನಿಂತಿತು

ಇದು ತಿಳೀಬೇಕಂದ್ರ ಸಿರುಗುಪ್ಪ, ಸಿಂಧನೂರು ಕಡೆ ಗದ್ದೆ ಲೀಜಿಗೆ ಕೊಡೋದನ್ನ ನೆನಸ್ಕೊಳ್ರಿ. ಗದ್ದೆ ಒಬ್ರದು, ಪಹಣಿ ಅವರ ಹೆಸರಿಗೆ, ಆದ್ರ ಅವರ ಹತ್ರ ಬಂಡವಾಳ ಇಲ್ಲ. ಇನ್ನೊಬ್ರು ವರ್ಷಕ್ಕ ಇಷ್ಟು ಅಂತ ದುಡ್ಡು ಕೊಟ್ಟು ಲೀಜಿಗೆ ತಗೊಂಡು, ಬೀಜ, ಗೊಬ್ಬರ, ಕೂಲಿ ಎಲ್ಲಾ ತಾವ ಹಾಕಿ, ಬಂದ ಬೆಳಿ ತಾವ ತಗೋತಾರ.

ಎಐಎಫ್‌ಎಫ್ 2010ರ ಡಿಸೆಂಬರ್‌ನಾಗ ಮಾಡಿದ್ದು ಇದನ್ನ. ಐಎಂಜಿ-ರಿಲಯನ್ಸ್ ಕಂಪನಿಗೆ 15 ವರ್ಷಕ್ಕ 700 ಕೋಟಿ ರೂಪಾಯಿಗೆ ಭಾರತೀಯ ಫುಟ್‌ಬಾಲಿನ ವ್ಯಾಪಾರದ ಹಕ್ಕು ಕೊಟ್ಟಿತು. ಟಿವಿ, ಪ್ರಾಯೋಜಕರು, ಜಾಹೀರಾತು, ಹೊಸ ಲೀಗ್ ಕಟ್ಟೋದು, ಎಲ್ಲಾ ಅದರಾಗ. ಈ ಕರಾರಿಗೆ ಮಾಸ್ಟರ್ ರೈಟ್ಸ್ ಅಗ್ರಿಮೆಂಟ್ ಅಂತಾರ, ಪೇಪರಿನಾಗ ಎಂಆರ್‌ಎ ಅಂತ ಬರೋದು ಇದ. ಆ ಹಕ್ಕು ಮುಂದ ಎಫ್‌ಎಸ್‌ಡಿಎಲ್ ಅನ್ನೋ ಕಂಪನಿಗೆ ಬಂತು, ಅದು ಐಎಸ್‌ಎಲ್ ನಡೆಸ್ತು, ಫೆಡರೇಷನ್ನಿಗೆ ವರ್ಷಕ್ಕ 50 ಕೋಟಿ ಕೊಡ್ತಿತ್ತು. ಆ ದುಡ್ಡಿನಾಗ ಫೆಡರೇಷನ್ನು ಇಂಡಿಯಾ ಟೀಮು, ಕೆಳಗಿನ ಲೀಗು, ಮಕ್ಕಳ ಟೂರ್ನಿ, ಆಫೀಸಿನ ಖರ್ಚು ನಡೆಸ್ತಿತ್ತು.

ಲೀಜ್ ಮುಗಿಯೋ ದಿನ 2025ರ ಡಿಸೆಂಬರ್ 8. ಲೀಗ್ ಶುರು ಆಗೋದು ಸೆಪ್ಟೆಂಬರ್ ಆಸುಪಾಸು, ಮುಗಿಯೋದು ಏಪ್ರಿಲ್‌ಗೆ, ಅಂದ್ರ ಬೆಳಿ ಅರ್ಧ ಬಂದಾಗ ಲೀಜ್ ಮುಗಿದು ಹೋಗತೈತಿ. ಯಾವ ರೈತ ಆದ್ರೂ ಅಂಥಾ ಗದ್ದೆಗೆ ನಾಟಿ ಹಚ್ಚತಾನೇನು? ಹೊಸ ಲೀಜ್ ಬರ್ಕೊಂಡಿದ್ರ ಆಗ್ತಿತ್ತು, ಆದ್ರ ಫೆಡರೇಷನ್ನಿನ ಸಂವಿಧಾನದ, ಅಂದ್ರ ಆ ಸಂಸ್ಥೆಯ ನಿಯಮಾವಳಿಯ ಮ್ಯಾಲ ಸುಪ್ರೀಂ ಕೋರ್ಟಿನಾಗ ಕೇಸ್ ನಡದಿತ್ತು, ತೀರ್ಪು ಬರೋತನಕ ಹೊಸ ಕರಾರು ಮಾಡಬ್ಯಾಡ್ರಿ ಅಂತ ಕೋರ್ಟ್ ಹೇಳಿತ್ತು. ಜುಲೈ 11ಕ್ಕ ಎಫ್‌ಎಸ್‌ಡಿಎಲ್‌ನವರು ಈ ಸೀಸನ್ ಸದ್ಯಕ್ಕ ತಡೆ ಹಿಡಿದೀವಿ ಅಂತ ಕ್ಲಬ್ಬುಗಳಿಗೆ ತಿಳಿಸಿದ್ರು. ಮ್ಯಾಚ್ ಇಲ್ಲ ಅಂದ್ರ ಕ್ಲಬ್ಬಿಗೆ ಟಿಕೆಟ್ ದುಡ್ಡಿಲ್ಲ, ಪ್ರಾಯೋಜಕರಿಲ್ಲ, ಆಟಗಾರರ ಸಂಬಳ ಮಾತ್ರ ತಿಂಗಳಾ ಬರತೈತಿ. ಬೆಂಗಳೂರು ಎಫ್‌ಸಿ ಪ್ರಕಟಣೆ ಹುಟ್ಟಿದ್ದು ಇಲ್ಲಿಂದ.

ಸೆಪ್ಟೆಂಬರ್ 19ಕ್ಕ ತೀರ್ಪು ಬಂತು, ಕೋರ್ಟ್ ಹೊಸ ಸಂವಿಧಾನಕ್ಕ ಒಪ್ಪಿಗೆ ಕೊಟ್ಟಿತು, ಫೆಡರೇಷನ್ನು ಅಕ್ಟೋಬರ್‌ನಾಗ ಅದನ್ನ ಅಂಗೀಕಾರ ಮಾಡ್ತು, ವ್ಯಾಪಾರದ ಹಕ್ಕಿಗೆ ಟೆಂಡರ್ ಕರೀತು. ಕೊನೇ ದಿನ ನವೆಂಬರ್ 7. ಒಬ್ರೂ ಟೆಂಡರ್ ಹಾಕಲಿಲ್ಲ. ಲೀಜಿಗೆ ಗಿರಾಕಿನ ಬರದಿದ್ದಾಗ ಗದ್ದೆ ಮಾಲೀಕರ ಇಳೀಬೇಕಲ್ಲ, ಹಂಗ ಕೊನಿಗೆ ಫೆಡರೇಷನ್ನು, ಕ್ಲಬ್ಬುಗಳು, ಕ್ರೀಡಾ ಇಲಾಖೆ ಕೂತು ಮಾತಾಡಿ, 14 ಟೀಮು, ಒಬ್ರಿಗೊಬ್ರು ಒಂದೊಂದ ಸಲ, ಒಟ್ಟು 91 ಮ್ಯಾಚು, 2026ರ ಫೆಬ್ರವರಿ 14ಕ್ಕ ಶುರು ಅಂತ ಕ್ರೀಡಾ ಮಂತ್ರಿ ಮನ್ಸುಖ್ ಮಾಂಡವೀಯ ಜನವರಿಯಾಗ ಘೋಷಣೆ ಮಾಡಿದ್ರು.

ಲೀಗ್ ಆತಲ್ಲ, ಮುಗೀತು ಅನ್ನಬ್ಯಾಡ್ರಿ. ಅದರ ಹಿಂದಿನ ಸೀಸನ್ನಿನಾಗ ಒಂದೊಂದು ಟೀಮು 24 ಲೀಗ್ ಮ್ಯಾಚ್ ಆಡಿತ್ತು, ಈ ಲೆಕ್ಕದಾಗ 13. ಏಷ್ಯಾದ ಕ್ಲಬ್ ಟೂರ್ನಿಗೆ ಹೋಗಬೇಕಂದ್ರ ಸೀಸನ್ನಿಗೆ ಕಮ್ಮಿ ಅಂದ್ರೂ 24 ಮ್ಯಾಚ್ ಆಡಿರಬೇಕು ಅನ್ನೋದು ಎಎಫ್‌ಸಿ ನಿಯಮ. ಅದಕ್ಕಿಂತ ದೊಡ್ಡ ಮಾತು, 19–20 ವರ್ಷದ ಹುಡುಗನಿಗೆ ಆಡೋಕ ಅವಕಾಶ ಸಿಗೋದು ದೊಡ್ಡೋರಿಗೆ ದಣಿವಾದಾಗ, ಗಾಯ ಆದಾಗ. ಮ್ಯಾಚ ಕಮ್ಮಿ ಆದ್ರ ಬೆಂಚಿನ ಮ್ಯಾಲ ಕೂತ ಹುಡುಗನ ಸರದಿನ ಬರಂಗಿಲ್ಲ.

ಕೋರ್ಟ್ ಯಾಕ ಬಂತು, ಸರಕಾರ ಯಾಕ ನೇರ ಕೈ ಹಾಕಂಗಿಲ್ಲ

ಪ್ರಫುಲ್ ಪಟೇಲ್ ಎಐಎಫ್‌ಎಫ್ ಅಧ್ಯಕ್ಷರಾಗಿದ್ದಾಗ ಅವರ ಅವಧಿ 2020ರ ಡಿಸೆಂಬರ್‌ಗೆ ಮುಗಿದಿತ್ತು, ಆದ್ರ ಚುನಾವಣೆ ಆಗ್ಲಿಲ್ಲ, ಅವರ ಮುಂದುವರೆದ್ರು. 2022ರ ಮೇನಾಗ ಸುಪ್ರೀಂ ಕೋರ್ಟ್ ಅವರನ್ನ ಇಳಿಸಿ ಮೂರು ಮಂದಿಯ ಆಡಳಿತ ಸಮಿತಿ ನೇಮಿಸ್ತು. ನಮಗ ಇದು ನ್ಯಾಯ ಅನಿಸತೈತಿ, ಫಿಫಾಕ್ಕ ಹಂಗ ಕಾಣಂಗಿಲ್ಲ. ಹೊರಗಿನೋರು, ಅದು ಸರಕಾರ ಇರ್ಲಿ ಕೋರ್ಟ್ ಇರ್ಲಿ, ಫೆಡರೇಷನ್ ನಡೆಸಬಾರದು ಅಂತ ಅವರ ನಿಯಮ, ಇಲ್ಲಂದ್ರ ಯಾವ ದೇಶದಾಗ ಸರಕಾರ ಬದಲಾದ್ರೂ ಫುಟ್‌ಬಾಲ್ ಸಂಸ್ಥೆನೂ ಬದಲಾಗತೈತಿ ಅನ್ನೋದು ಅವರ ವಾದ. ಆಗಸ್ಟ್ 15ರ ರಾತ್ರಿ ಭಾರತವನ್ನ ಸಸ್ಪೆಂಡ್ ಮಾಡಿದ್ರು.

ಅದರ ಪೆಟ್ಟು ಯಾರಿಗೆ ಬಿತ್ತು ನೋಡ್ರಿ. ಗೋಕುಲಂ ಕೇರಳದ ಹೆಣ್ಣುಮಕ್ಕಳು ಏಷ್ಯಾದ ಕ್ಲಬ್ ಟೂರ್ನಿ ಆಡೋಕ ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋಗಿ ಇಳಿದಿದ್ರು. ಭಾರತದ ಕ್ಲಬ್ಬು ಆಡಂಗಿಲ್ಲ ಅಂತ ಹೇಳಿದ್ರು, ಒಂದು ಮ್ಯಾಚೂ ಆಡದ ವಾಪಸ್ ಬಂದ್ರು. ಆ ಹುಡುಗೀರು ಯಾವ ಕುರ್ಚಿಗೂ ಜಗಳ ಮಾಡಿದೋರಲ್ಲ. ಅಕ್ಟೋಬರ್‌ನಾಗ ನಮ್ಮ ದೇಶದಾಗ ನಡೀಬೇಕಿದ್ದ 17 ವರ್ಷದೊಳಗಿನ ಹುಡುಗೀರ ವಿಶ್ವಕಪ್ಪೂ ಹೋಗೋ ಹಂಗ ಆಗಿತ್ತು. ಸುಪ್ರೀಂ ಕೋರ್ಟ್ ಸಮಿತಿಯನ್ನ ವಾಪಸ್ ತಗೊಂಡ ಮ್ಯಾಲ ಆಗಸ್ಟ್ 26ಕ್ಕ ಫಿಫಾ ಸಸ್ಪೆನ್ಷನ್ ತೆಗೀತು, ವಿಶ್ವಕಪ್ ಉಳೀತು. ಸೆಪ್ಟೆಂಬರ್ 2ಕ್ಕ ಚುನಾವಣೆ, ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ, ಇಂಡಿಯಾದ ಮಾಜಿ ಕ್ಯಾಪ್ಟನ್ ಬೈಚುಂಗ್ ಭುಟಿಯಾರನ್ನ 33–1 ಓಟಿಂದ ಸೋಲಿಸಿದ್ರು, ಆಟಗಾರರಾಗಿದ್ದವರು ಅಧ್ಯಕ್ಷರಾಗಿದ್ದು ಅದ ಮೊದಲು. ಭುಟಿಯಾಗೆ ಒಂದ ಓಟು ಯಾಕ ಅಂತ ಕೇಳ್ತಾರ, ಅವಾಗ ಓಟು ಇದ್ದದ್ದು ರಾಜ್ಯ ಸಂಸ್ಥೆಗಳಿಗೆ, ಆಟಗಾರರಿಗೆ ಇರ್ಲಿಲ್ಲ. 2025ರ ಹೊಸ ಸಂವಿಧಾನದಾಗ ಮಾಜಿ ಆಟಗಾರರು, ಕೋಚ್, ರೆಫ್ರಿ, ಕ್ಲಬ್ ಕಡೆಯೋರಿಗೂ ಜಾಗ ಕೊಟ್ಟಾರ. ಈ ಬದಲಾವಣೆ ಬಹಳ ತಡ ಆದ್ರೂ ಬಂತಲ್ಲ ಅಂತ ನನಗ ಸಮಾಧಾನ ಐತಿ.

ನಮ್ಮ ಹುಡುಗ್ರಿಗೆ ಇದರಾಗ ಏನು

ಮೊದಲು ಟೂರ್ನಿ ಯಾರದು ಅಂತ ನೋಡ್ರಿ. "ನ್ಯಾಷನಲ್" ಅಂತ ಹೆಸರಿಟ್ಟು, ಫೀಸ್ ಇಸ್ಕೊಂಡು, ಎಲ್ಲೋ ದೂರದ ಊರಿಗೆ ಕರ್ಕೊಂಡು ಹೋಗಿ ಮೆಡಲ್ ಕೊಡೋ ಸಂಸ್ಥೆಗಳು ಬಹಳ ಅದಾವ. ಎಐಎಫ್‌ಎಫ್, ಕೆಎಸ್‌ಎಫ್‌ಎ, ಶಾಲೆಗಳದಾದ್ರ ಸ್ಕೂಲ್ ಗೇಮ್ಸ್ ಫೆಡರೇಷನ್, ಕಾಲೇಜಿಂದಾದ್ರ ಯೂನಿವರ್ಸಿಟಿ, ಇಲ್ಲಾ ಖೇಲೋ ಇಂಡಿಯಾ, ಇವುಗಳ ಪೈಕಿ ಯಾವುದೂ ಅಲ್ಲ ಅಂದ್ರ ಸ್ಪೋರ್ಟ್ಸ್ ಕೋಟಾಕ್ಕ ಆ ಸರ್ಟಿಫಿಕೇಟ್ ನಡಿತೈತೋ ಇಲ್ಲೋ ಅಂತ ದುಡ್ಡು ಕಟ್ಟೋಕಿಂತ ಮೊದಲ ವಿಚಾರಿಸ್ರಿ.

ಎರಡನೇದು ವಯಸ್ಸು. ಒಂದೆರಡು ವರ್ಷ ಕಮ್ಮಿ ಬರಸಿದ್ರ ಸೆಲೆಕ್ಷನ್ ಸುಲಭ ಅಂತ ಸಲಹೆ ಕೊಡೋರು ಇರ್ತಾರ, ಕೇಳಬ್ಯಾಡ್ರಿ. ಅಂತರರಾಷ್ಟ್ರೀಯ ಮಟ್ಟದ 17 ವರ್ಷದೊಳಗಿನ ಹುಡುಗ್ರ ಟೂರ್ನಿಗೆ ಮುಂಗೈ ಎಂಆರ್‌ಐ ತೆಗೀತಾರ. ಹೆಬ್ಬೆರಳಿನ ಕಡೆ ಬರೋ ಮುಂಗೈ ಮೂಳೆಯ ತುದಿಯಾಗ, ಬೆಳೆಯೋ ವಯಸ್ಸಿನಾಗ, ಒಂದು ಮೆತ್ತನ್ನ ಪದರ ಇರತೈತಿ, ಮೂಳೆ ಉದ್ದ ಆಗೋದು ಅದರಿಂದ. ಬೆಳವಣಿಗಿ ಮುಗಿದ್ರ ಆ ಪದರ ಪೂರ್ತಿ ಗಟ್ಟಿ ಮೂಳೆಯಾಗಿ ಕೂಡಿಕೊಳ್ಳತೈತಿ, ಸ್ಕ್ಯಾನಿನಾಗ ಗೆರಿನ ಕಾಣಂಗಿಲ್ಲ. ಹಂಗ ಕೂಡಿದ್ದು ಕಂಡ್ರ ಹುಡುಗ 17 ದಾಟ್ಯಾನ ಅಂತ ಲೆಕ್ಕ, ಕಾಗದದಾಗ ಏನ ಬರದಿರ್ಲಿ, ಅವನು ಆ ಟೀಮಿನಿಂದ ಹೊರಗ.

ಮೂರನೇದು ಬಹಳ ಮಂದಿ ಬಿಟ್ಟುಬಿಡೋದು, ರಿಜಿಸ್ಟ್ರೇಷನ್. ಎಐಎಫ್‌ಎಫ್‌ದು ಸಿಆರ್‌ಎಸ್ ಅಂತ ಆನ್‌ಲೈನ್ ವ್ಯವಸ್ಥೆ ಐತಿ, ಆಟಗಾರ ಯಾವ ಕ್ಲಬ್ಬಿನಾಗ ಯಾವಾಗಿಂದ ಯಾವಾಗಿನ ತನಕ ಇದ್ದ ಅನ್ನೋದು ಅಲ್ಲಿ ದಾಖಲಾಗತೈತಿ. ಹುಡುಗ ತಾನಾಗಿ ಮಾಡ್ಕೊಳ್ಳೋದಲ್ಲ, ಕ್ಲಬ್ಬಿನವರು ಮಾಡಬೇಕು, ಆ ಕ್ಲಬ್ಬು ಜಿಲ್ಲಾ ಇಲ್ಲಾ ರಾಜ್ಯ ಸಂಸ್ಥೆಗೆ ಸೇರಿರಬೇಕು. ಇದು ಕ್ಲಬ್ಬಿಗೂ ಲಾಭದ ಕೆಲಸ. ಕರಾರು ಇರೋ ಆಟಗಾರನ್ನ ಹೊರದೇಶದ ಕ್ಲಬ್ಬು ದುಡ್ಡು ಕೊಟ್ಟು ತಗೊಂಡ್ರ, ಆ ಮೊತ್ತದ 5% ಅವನು 12ರಿಂದ 23 ವರ್ಷದ ತನಕ ಇದ್ದ ಕ್ಲಬ್ಬುಗಳಿಗೆ ಹಂಚಬೇಕು ಅನ್ನೋದು ಫಿಫಾ ನಿಯಮ, ಎಷ್ಟು ವರ್ಷ ಇದ್ದನೋ ಅಷ್ಟರ ಪಾಲು. ಕೊಪ್ಪಳದ ಒಂದು ಸಣ್ಣ ಕ್ಲಬ್ಬಿನಾಗ 12ನೇ ವಯಸ್ಸಿಂದ 15ರ ತನಕ ಆಡಿದ ಹುಡುಗ ಮುಂದೊಂದಿನ ಹಂಗ ಹೋದ ಅಂದ್ರ ಆ ಕ್ಲಬ್ಬಿಗೂ ಪಾಲು ಐತಿ, ನೆಟ್ಟು, ಬಾಲು, ಬೂಟು ತರೋಕ ಅದು ಸಾಕಷ್ಟು ಆದೀತು. ಆದ್ರ ಆ ಮೂರು ವರ್ಷ ಅವನ ಹೆಸರು ಸಿಸ್ಟಮ್ಮಿನಾಗ ಇರದಿದ್ರ, ಕ್ಲಬ್ಬು ಕೇಳೋಕ ಹೋದಾಗ ತೋರಿಸೋಕ ಏನೂ ಇರಂಗಿಲ್ಲ. ಹಿಂಗಾಗಿ ಮಕ್ಕಳನ್ನ ಕೋಚಿಂಗಿಗೆ ಸೇರಿಸೋವಾಗ ಫೀಸ್ ಎಷ್ಟು ಅಂತ ಕೇಳೋ ಜೊತಿಗೆ, ಸರ್ ನಿಮ್ಮ ಕ್ಲಬ್ಬು ಯಾವ ಸಂಸ್ಥೆಗೆ ಸೇರೈತಿ, ನಮ್ಮ ಹುಡುಗನ ಸಿಆರ್‌ಎಸ್ ಯಾವಾಗ ಮಾಡಸ್ತೀರಿ ಅಂತನೂ ಕೇಳ್ರಿ.